ಪ್ರೊಪೆಲರಿನ ಹಿಡಿಕೆ: ವಿಮಾನದಲ್ಲಿ ಮತ್ತು ಅನುಕರಣ ಯಂತ್ರದಲ್ಲಿ

ಮೊರವನ್ನು ಗಾಳಿಗೆ ಅಡ್ಡವಾಗಿ ಹಿಡಿದರೆ ಅದು ಕೈಯನ್ನು ಹಿಂದಕ್ಕೆ ನೂಕುತ್ತದೆ. ಅಂಚನ್ನು ಮುಂದುಮಾಡಿ ಹಿಡಿದರೆ ಗಾಳಿಯನ್ನು ಸೀಳಿಕೊಂಡು ನಿಲ್ಲುತ್ತದೆ. ಮನೋಳಿಯ ಸೀಮೆಯ ಕಣಗಳಲ್ಲಿ ಜೋಳವನ್ನು ತೂರಿದವರಿಗೆಲ್ಲ ಈ ಅನುಭವವುಂಟು. ವಿಮಾನದ ಪ್ರೊಪೆಲರಿನ ಅಲಗುಗಳ ಗುಟ್ಟೂ ಇದೇ ಆಗಿದೆ.

ಅನೇಕ ವಿಮಾನಗಳಲ್ಲಿ ಅಲಗುಗಳ ಓರೆಯನ್ನು ಹಾರುತ್ತಿರುವಾಗಲೇ ಬದಲಿಸಬಹುದು. ಚಾಲಕನು ಪ್ರೊಪೆಲರಿನ ಹಿಡಿಕೆಯಿಂದ ನಿಮಿಷಕ್ಕೆ ಇಷ್ಟು ಸುತ್ತು ಎಂದು ಗೊತ್ತುಪಡಿಸುತ್ತಾನೆ. ಆ ವೇಗವನ್ನು ಕಾಯುವುದು ಗವರ್ನರ್ ಎಂಬ ಸಾಧನ. ಸುತ್ತು ಹೆಚ್ಚಿದರೆ ಅದರೊಳಗಿನ ತಿರುಗುವ ತೂಕಗಳು ಹೊರಕ್ಕೆ ಸರಿದು, ಅಲಗುಗಳು ಹೆಚ್ಚು ಓರೆಯಾಗುವಂತೆ ಮಾಡುತ್ತವೆ. ಹೊರೆ ಏರಿ ವೇಗ ಮೊದಲಿನಂತಾಗುತ್ತದೆ. ಸುತ್ತು ಕಡಿಮೆಯಾದರೆ ಇದಕ್ಕೆ ವಿರುದ್ಧವಾದ ಕ್ರಿಯೆ ನಡೆಯುತ್ತದೆ.

ಎಂಜಿನು ಕೆಟ್ಟು ನಿಂತಿತೆನ್ನೋಣ. ಆಗ ಎದುರುಗಾಳಿಯೇ ಪ್ರೊಪೆಲರನ್ನು ತಿರುಗಿಸತೊಡಗುತ್ತದೆ. ಅದಕ್ಕೆ ಬೇಕಾದ ಶಕ್ತಿ ವಿಮಾನದ ವೇಗದಿಂದಲೇ ಹೋಗುವುದರಿಂದ ಎಳೆತ ಬಹಳ ಹೆಚ್ಚುತ್ತದೆ. ಇದನ್ನು ತಪ್ಪಿಸಲು ಚಾಲಕನು ಹಿಡಿಕೆಯನ್ನು ಒಂದು ತಡೆಯನ್ನು ದಾಟಿಸಿ ಹಿಂದಕ್ಕೆ ಎಳೆಯುತ್ತಾನೆ. ಅಲಗುಗಳು ಅಂಚನ್ನು ಗಾಳಿಗೆ ಒಡ್ಡಿ ನಿಲ್ಲುತ್ತವೆ. ಇದಕ್ಕೆ ‘ಫೆದರ್’ ಸ್ಥಿತಿ ಎಂದು ಹೆಸರು.

ಇಂತಹ ಅಪಾಯಗಳನ್ನು ನೆಲದ ಮೇಲೆಯೇ ಅಭ್ಯಾಸ ಮಾಡಲು ಅನುಕರಣ ಯಂತ್ರಗಳಿವೆ. ೧೯೨೯ರಲ್ಲಿ ಅಮೆರಿಕದ ಎಡ್ವಿನ್ ಲಿಂಕನು ಆರ್ಗನ್ ವಾದ್ಯದಲ್ಲಿರುವಂತಹ ತಿದಿಗಳನ್ನು ಬಳಸಿ ಒಂದನ್ನು ನಿರ್ಮಿಸಿದನು. ಇಂದು ಆ ಕೆಲಸವನ್ನು ಗಣಕಯಂತ್ರ ಮಾಡುತ್ತದೆ. ಅದಕ್ಕೆ ಹಿಡಿಕೆಯ ಸ್ಥಾನ ತಿಳಿಯುವುದು ಹೇಗೆ?

ಹಿಡಿಕೆಯ ಬುಡದಲ್ಲಿ ಒಂದು ಪೊಟೆನ್ಷಿಯೊಮೀಟರ್ ಇರುತ್ತದೆ. ಹಳೆಯ ರೇಡಿಯೋದಲ್ಲಿ ಧ್ವನಿಯನ್ನು ಏರಿಸುವ ಗುಂಡಿಯ ಹಿಂದಿರುವುದೂ ಇದೇ. ಹಿಡಿಕೆ ಸರಿದಂತೆ ವೋಲ್ಟೇಜು ಬದಲಾಗುತ್ತದೆ. ೦ಯಿಂದ ೫ ವೋಲ್ಟಿನವರೆಗಿನ ವ್ಯಾಪ್ತಿಯನ್ನು ೦ಯಿಂದ ೧೦೨೩ರವರೆಗಿನ ಅಂಕಿಗಳನ್ನಾಗಿ ಮಾಡಿದೆವೆನ್ನೋಣ. ಹಿಡಿಕೆ ತೀರ ಹಿಂದಿರುವಾಗ ೦.೪ ವೋಲ್ಟ್, ತಡೆಯ ಬಳಿ ೧ ವೋಲ್ಟ್, ತೀರ ಮುಂದಿರುವಾಗ ೪.೬ ವೋಲ್ಟ್ ಬಂದರೆ ಅಂಕಿಗಳು ಕ್ರಮವಾಗಿ ೮೨, ೨೦೫, ೯೪೧ ಆಗುತ್ತವೆ.

ನಮ್ಮ ವಿಮಾನದ ಸುತ್ತು ನಿಮಿಷಕ್ಕೆ ೧೬೦೦ರಿಂದ ೨೦೦೦ ಆಗಿರಲಿ. ಆಗ ೨೦೫ಕ್ಕೆ ೧೬೦೦ನ್ನೂ ೯೪೧ಕ್ಕೆ ೨೦೦೦ವನ್ನೂ ಹೊಂದಿಸಬೇಕು. ೨೦೫ಕ್ಕಿಂತ ಕೆಳಗಿನದು ಫೆದರ್ ಸ್ಥಿತಿಗೆ ಮೀಸಲು. ನಡುವಿನ ೫೭೩ಕ್ಕೆ ೧೮೦೦ ಸುತ್ತು ದೊರೆಯುತ್ತದೆ. ತಡೆಯನ್ನು ಮರೆತು ೮೨ರಿಂದ ೯೪೧ರವರೆಗೆ ಎಲ್ಲವನ್ನೂ ಸುತ್ತಿಗೇ ಹಂಚಿದರೆ, ತಡೆಯ ಬಳಿ ೧೬೦೦ರ ಬದಲು ೧೬೫೭ ಬರುತ್ತದೆ. ಫೆದರ್ ಸ್ಥಿತಿಯಂತೂ ಬರುವುದೇ ಇಲ್ಲ. ಹಿಡಿಕೆ ನಿಶ್ಚಲವಾಗಿದ್ದರೂ ಅಂಕಿ ಒಂದೆರಡರಷ್ಟು ತುಯ್ದಾಡುವುದರಿಂದ, ತುದಿಗಳಲ್ಲಿಯೂ ತಡೆಯ ಬಳಿಯೂ ಸ್ವಲ್ಪ ಎಡೆ ಬಿಡುವುದು ಅವಶ್ಯ.

ಇಷ್ಟು ಸೂಕ್ಷ್ಮತೆ ಏಕೆ ಬೇಕು? ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರೂಪಿಸಿದ ‘ಸಾರಸ್’ ವಿಮಾನದ ಎರಡನೆಯ ಮಾದರಿಯು ೨೦೦೯ರ ಮಾರ್ಚ್ ೬ರಂದು, ನಿಲ್ಲಿಸಿದ ಎಂಜಿನನ್ನು ಆಕಾಶದಲ್ಲಿ ಮತ್ತೆ ಹೊತ್ತಿಸುವ ಪರೀಕ್ಷೆಯ ವೇಳೆ ಬಿಡದಿಯ ಬಳಿ ಬಿದ್ದು ಮೂವರು ಮಡಿದರು. ಪುನಃ ಹೊತ್ತಿಸುವ ಕ್ರಮ ಸರಿಯಾಗಿರಲಿಲ್ಲ, ಎತ್ತರವೂ ಸಾಲದಾಗಿತ್ತು ಎಂದು ತನಿಖೆ ಹೇಳಿತು. ೨೦೨೩ರ ಜನವರಿ ೧೫ರಂದು ನೇಪಾಳದ ಪೋಖರಾದಲ್ಲಿ ಎ.ಟಿ.ಆರ್. ೭೨ ವಿಮಾನದ ಎರಡೂ ಪ್ರೊಪೆಲರುಗಳು, ಹಿಡಿಕೆಗಳನ್ನು ಅರಿಯದೆ ಸರಿಸಿದ್ದರಿಂದ, ಫೆದರ್ ಸ್ಥಿತಿಗೆ ಹೋದವು. ಎಂಜಿನುಗಳು ನಡೆಯುತ್ತಿದ್ದರೂ ಮುನ್ನೂಕುವ ಬಲ ಇಲ್ಲವಾಗಿ ವಿಮಾನದಲ್ಲಿದ್ದ ೭೨ ಮಂದಿಯೂ ಅಸುನೀಗಿದರು.

ಆಪತ್ಕಾಲದಲ್ಲಿ ಯೋಚಿಸಲು ವೇಳೆ ಇರುವುದಿಲ್ಲ. ಅಭ್ಯಾಸವಾದ ಕಡೆಗೆ ಕೈ ತಾನಾಗಿ ಹೋಗುತ್ತದೆ. ಅನುಕರಣ ಯಂತ್ರದ ತಡೆಯು ವಿಮಾನದ ತಡೆಯಂತೆಯೇ ಇದ್ದರೆ ಮಾತ್ರ ಆ ಕೈ ಸರಿಯಾದುದನ್ನು ಕಲಿತೀತು.