ಹಲಗೆಗೆ ಲೆಕ್ಕವಿಲ್ಲದ ಹಳ್ಳ

ಉತ್ತರ ಕನ್ನಡದ ಮಾದನಗೇರಿಯಲ್ಲಿ ಹೆದ್ದಾರಿ ಬಿಟ್ಟು ಯಾಣದ ದಿಕ್ಕಿಗೆ ತಿರುಗಿದರೆ ಕಡಲಿನ ಉಪ್ಪುಗಾಳಿ ಬೇಗನೆ ಹಿಂದೆ ಉಳಿಯುತ್ತದೆ. ಕೊಯ್ಲು ಮುಗಿದ ಗದ್ದೆ, ಅಡಕೆ ತೋಟ, ತೋಟದ ಬೆನ್ನಿಗೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಧಾರವಾಡದ ಕಡೆ ಹುಟ್ಟಿ ಮಾಗೋಡಿನಲ್ಲಿ ಧುಮುಕಿ ಬರುವ ಬೇಡ್ತಿ ಇಲ್ಲಿಗೆ ಗಂಗಾವಳಿಯಾಗಿರುತ್ತದೆ. 2019ರಲ್ಲೂ 2021ರಲ್ಲೂ ಈ ದಂಡೆಯ ಊರುಗಳಿಗೆ ನೆರೆ ನುಗ್ಗಿತ್ತು. ಅದೇ ಸೀಮೆಯಲ್ಲಿ ಮಾರ್ಚ್ ಬಂತೆಂದರೆ ಬಾವಿಯ ತಳ ಕಾಣುತ್ತದೆ. ಊರು ಬಾಳಬೇಕಾದರೆ ಮಳೆಗಾಲದ ನೀರನ್ನು ಬೇಸಿಗೆಯವರೆಗೆ ಹಿಡಿದಿಡಬೇಕು. ಅದಕ್ಕೆಂದು ಬರುವ ದುಡ್ಡು ಯಾವ ದಾರಿಯಲ್ಲಿ ಬಂದು ಎಲ್ಲಿ ನಿಲ್ಲುತ್ತದೆ ಎಂದು ನೋಡುವ ಆಸೆಯಿಂದ ಡಿಸೆಂಬರಿನ ಒಂದು ಬೆಳಿಗ್ಗೆ ಅಂಕೋಲೆಯ ಹಿಲ್ಲೂರಿನಲ್ಲಿ ಇಳಿದೆ.

ಮೊದಲು ಕಣ್ಣಿಗೆ ಬಿದ್ದದ್ದು ಸಿಮೆಂಟಿನ ನಾಮಫಲಕ. ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಕೂಲಿ, ಸಾಮಗ್ರಿ, ಮಾನವ ದಿನ. ಎರಡು ಮಳೆಗಾಲಕ್ಕೆ ಅಕ್ಷರ ಮಾಸಿ ಮೊತ್ತದ ಸೊನ್ನೆಗಳಷ್ಟೇ ಉಳಿದಿವೆ. ನಮ್ಮ ಹಳ್ಳಿಗಳ ಇತ್ತೀಚಿನ ಚರಿತ್ರೆ ಬರೆಯುವವರು ಈ ಫಲಕಗಳನ್ನೇ ಶಾಸನದಂತೆ ಓದಬೇಕಾದೀತು.

ಪಂಚಾಯ್ತಿಗೆ ಬರುವ ದುಡ್ಡು ನೀರಿನಂತಲ್ಲ, ಅಚ್ಚಿನಲ್ಲಿ ಹೊಯ್ದ ಬೆಲ್ಲದಂತೆ. 15ನೇ ಹಣಕಾಸು ಆಯೋಗ 2021ರಿಂದ 26ರ ಅವಧಿಗೆ ಹೇಳಿದ ಲೆಕ್ಕದಲ್ಲಿ ನೂರಕ್ಕೆ 60 ಪಾಲು ನಿರ್ಬಂಧಿತ ಅನುದಾನ. ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಇನ್ನರ್ಧ ಕುಡಿಯುವ ನೀರು ಮತ್ತು ಮಳೆನೀರು ಕೊಯ್ಲಿಗೆ. ಉಳಿದ 40ನ್ನು ಊರಿನ ಅಗತ್ಯ ನೋಡಿ ಬಳಸಬಹುದು, ಆದರೆ ಸಂಬಳಕ್ಕೆ ಮುಟ್ಟುವಂತಿಲ್ಲ. ಕಸ ವಿಂಗಡಿಸುವ ಶೆಡ್ಡು, ಕಸದ ಗಾಡಿ ಅನುದಾನದಲ್ಲಿ ಬಂದುಬಿಡುತ್ತವೆ. ಗಾಡಿ ಓಡಿಸುವ, ಕಸ ಹೆಕ್ಕುವ ಸ್ವಸಹಾಯ ಸಂಘದ ಹೆಂಗಸರ ತಿಂಗಳ ದುಡ್ಡಿಗೆ ಮನೆಮನೆಯ ಶುಲ್ಕವನ್ನು ನೆಚ್ಚಬೇಕು. ಮನೆಗಳೋ ಗುಡ್ಡಕ್ಕೊಂದು ಕೊಪ್ಪಕ್ಕೊಂದು. ಡೀಸೆಲ್ಲಿನ ಖರ್ಚೂ ಹುಟ್ಟದ ದಿನವಿದ್ದರೆ ಅಚ್ಚರಿಯಿಲ್ಲ.

ಉದ್ಯೋಗ ಖಾತರಿಯ ಅಚ್ಚು ಬೇರೆ. 2024-25ರಲ್ಲಿ ರಾಜ್ಯದ ದಿನಗೂಲಿ 349 ರೂಪಾಯಿ ಇತ್ತು. ಸಾಮಗ್ರಿಯ ಖರ್ಚು ನೂರಕ್ಕೆ 40 ದಾಟಬಾರದು. ಹಾಗಾಗಿ ಗುದ್ದಲಿಯಿಂದ ಆಗುವ ಇಂಗುಗುಂಡಿ, ಬಸಿಗಾಲುವೆ ಸಲೀಸು. ಸಿಮೆಂಟು ಬೇಡುವ ಕೆಲಸ ಬಿಗಿ. ಬೆಟ್ಟದ ಇಳಿಜಾರಿನಲ್ಲಿ ಸಾಲಾಗಿ ತೋಡಿದ ಗುಂಡಿಗಳಲ್ಲಿ ತರಗೆಲೆ ಕೊಳೆತು ಕಪ್ಪಾಗಿತ್ತು. ಇದು ನನಗೆ ಹಿಡಿಸಿದ ಕಾಮಗಾರಿ. ನೀರು ಇಂಗುತ್ತದೆ, ಕೂಲಿ ಊರಿನಲ್ಲೇ ಉಳಿಯುತ್ತದೆ, ಹೂಳು ತುಂಬಿದರೆ ತೆಗೆಯಲು ಗುದ್ದಲಿ ಸಾಕು.

ಅಲ್ಲಿಂದ ಹಳ್ಳಕ್ಕಿಳಿದರೆ ಕಿಂಡಿ ಅಣೆಕಟ್ಟು. ಕರಾವಳಿಯ ಹೊಳೆ ಹಳ್ಳಗಳಿಗೆ ಸಣ್ಣ ನೀರಾವರಿ ಇಲಾಖೆ ಕಟ್ಟುತ್ತ ಬಂದಿರುವ ಈ ಕಟ್ಟೆಗಳ ತತ್ವ ಸರಳ. ಮಳೆಗಾಲದಲ್ಲಿ ಕಿಂಡಿ ತೆರೆದಿದ್ದು ಹೂಳು, ಮರದ ದಿಮ್ಮಿ ಹರಿದುಹೋಗಬೇಕು. ನೀರಿನ ಸೆಳೆತ ಇಳಿಯುತ್ತಿದ್ದ ಹಾಗೆ ಎರಡು ಸಾಲು ಹಲಗೆ ಇಳಿಸಿ ನಡುವೆ ಮಣ್ಣು ತುಂಬಬೇಕು. ಮಳೆ ಬರುವ ಮುಂಚೆ ಮತ್ತೆ ಕಳಚಬೇಕು. ಕಟ್ಟುವುದು ಒಂದೇ ಸಲ, ಹಲಗೆ ಹಾಕುವುದು ವರ್ಷವರ್ಷ. ಒಂದು ವಾರ ತಡವಾದರೆ ಆ ವಾರದ ನೀರೆಲ್ಲ ಕಡಲಿಗೆ. ಕಳಚುವುದು ತಡವಾದರೆ ಮೊದಲ ಮಳೆಗೇ ದಂಡೆ ಕೊಚ್ಚಿ ಪಕ್ಕದ ತೋಟ ಹೋಗುತ್ತದೆ. ಕಾಂಕ್ರೀಟಿಗೆ ಲಕ್ಷಗಟ್ಟಲೆ ಇರುತ್ತದೆ, ಆ ಎರಡು ದಿನದ ಕೆಲಸಕ್ಕೆ ಲೆಕ್ಕಶೀರ್ಷಿಕೆ ಹುಡುಕಬೇಕು. ದಕ್ಷಿಣ ಕನ್ನಡ, ಉಡುಪಿಯಲ್ಲೂ ಇದೇ ಪಾಡು ಕಂಡಿದ್ದೇನೆ. ಅಲ್ಲಿ ಫೈಬರ್ ಹಲಗೆ ಬಂದ ಮೇಲೆ ಕೊಳೆಯುವ ಕಾಟ ತಪ್ಪಿತು. ಎತ್ತಿಡುವ ಕೈ ಯಾವುದೆಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಇನ್ನಷ್ಟು ಮೇಲೆ ಹೋದರೆ ಹಳೆಯ ಕ್ರಮದ ಒಡ್ಡು. ಕಲ್ಲು, ಮಣ್ಣು, ಸೊಪ್ಪು, ಅಡಕೆ ದಬ್ಬೆ. ತೋಟದ ಆಯಿಯೊಬ್ಬರನ್ನು ಇದಕ್ಕೆ ಯಾವ ಸ್ಕೀಮು ಎಂದು ಕೇಳಿದೆ. ಅವರು ನಕ್ಕರು. ‘ಕಲ್ಲು ಇಲ್ಲೇ ಇತ್ತು, ಸೊಪ್ಪು ಇಲ್ಲೇ ಇತ್ತು. ಯಾರ ಹತ್ರ ಕೇಳೂದು?’ ನೀರು ಪಡೆಯುವ ಮನೆಗೊಂದು ಆಳು, ಇದೇ ವಂತಿಗೆ. ಮಳೆಗಾಲದಲ್ಲಿ ಒಡ್ಡು ತಾನಾಗಿ ಕೊಚ್ಚಿಹೋಗುತ್ತದೆ, ಹಾಗಾಗಿ ಕಳಚುವ ಚಿಂತೆಯಿಲ್ಲ. ಹಾಗೆಂದು ಇದನ್ನು ಕೊಂಡಾಡಿ ಸುಮ್ಮನಾಗಲಾರೆ. ಮನೆಗೊಂದು ಆಳು ಎನ್ನಲು ಮನೆಯಲ್ಲಿ ಆಳಿರಬೇಕು. ಹರೆಯದವರು ಹುಬ್ಬಳ್ಳಿ, ಬೆಂಗಳೂರು, ಗೋವಾ.

ಕಾಡಿನ ಅಂಚಿಗೆ ಬಂದರೆ ಅನುದಾನದ ಇನ್ನೊಂದು ತಲೆಮಾರು. 1991ರಲ್ಲಿ ಬ್ರಿಟನ್ನಿನ ನೆರವಿನಿಂದ ಪಶ್ಚಿಮ ಘಟ್ಟ ಅರಣ್ಯ ಯೋಜನೆ ಶುರುವಾದದ್ದು ಈ ಜಿಲ್ಲೆಯಲ್ಲಿ. 1993ರ ಸರ್ಕಾರಿ ಆದೇಶದ ಮೇಲೆ ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು: ಊರವರು ಕಾಯಬೇಕು, ಬಂದದ್ದರಲ್ಲಿ ಪಾಲು ಪಡೆಯಬೇಕು. ಆಮೇಲೆ ಜಪಾನಿನ ದುಡ್ಡು ಬಂತು, ಅದು ಸಾಲ. ಯೋಜನೆ ಇರುವತನಕ ಸಭೆ, ಚಹಾ, ಠರಾವು ಎಲ್ಲ ನಡೆಯಿತು. ಮುಗಿದ ಮೇಲೆ ಎಷ್ಟೋ ಸಮಿತಿಗಳು ರಿಜಿಸ್ಟರಿನಲ್ಲಿ ಮಾತ್ರ ಉಳಿದವು. ನೆಟ್ಟ ಅಕೇಶಿಯಾ ಬೆಳೆದು ಕಟಾವಿಗೆ ಬಂದಾಗ ಪಾಲು ಸಿಕ್ಕಿದ ಊರುಗಳಿಗಷ್ಟೇ ಸಮಿತಿಯ ನೆನಪು ಗಟ್ಟಿ.

ಇದೇ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದಿನಗೂಲಿ ಮಾಡಿದವರು. ಯಾವ ತಾಯಿಮರದ ಬೀಜ ಯಾವಾಗ ಹೆಕ್ಕಬೇಕೆಂಬುದು ಅವರ ತಲೆಯಲ್ಲಿತ್ತು. ಪದ್ಮಶ್ರೀ ಬಂದದ್ದು 2020ರ ಪಟ್ಟಿಯಲ್ಲಿ, ತೀರಿಕೊಂಡದ್ದು 2024ರ ಡಿಸೆಂಬರಿನಲ್ಲಿ. ‘ಸಸಿ ನೆಡುವಿಕೆ’ ಎಂಬ ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಗುಂಡಿಗೆ ದರವಿದೆ, ಗೊಬ್ಬರಕ್ಕೆ ದರವಿದೆ. ಅಂಥ ತಲೆಗೆ ದರವಿಲ್ಲ.

ಈಗ ಪಂಚಾಯ್ತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ. 2002ರ ಕಾಯ್ದೆ ಅದಕ್ಕೊಂದು ಹಲ್ಲು ಕೊಟ್ಟಿದೆ: ಊರಿನ ಜೈವಿಕ ಸಂಪತ್ತನ್ನು ವ್ಯಾಪಾರಕ್ಕೆ ಒಯ್ಯುವವರಿಂದ ಶುಲ್ಕ ಎತ್ತಬಹುದು. ಕಾಡಿನ ಉಪ್ಪಾಗೆ ಹಣ್ಣನ್ನೇ ನೋಡಿ. ಬೊಜ್ಜು ಕರಗಿಸುವ ಮದ್ದೆಂದು ವಿದೇಶಕ್ಕೆ ಹೊರಟು ತೊಂಬತ್ತರ ದಶಕದಲ್ಲಿ ದರ ಏರಿದಾಗ ಹಣ್ಣಾಗುವ ಮೊದಲೇ ಕೊಯ್ದರು, ಟೊಂಗೆ ಕಡಿದರು, ಮಳೆಯಲ್ಲಿ ಸಿಪ್ಪೆ ಒಣಗಿಸಲು ಕಟ್ಟಿಗೆ ಸುಟ್ಟರು. ಕಟ್ಟಿಗೆ ಉಳಿಸುವ ಒಲೆಗೆ ಊರಿನದೇ ಶುಲ್ಕದ ದುಡ್ಡು ಬಿದ್ದರೆ ಯಾರ ಬಾಗಿಲಿಗೂ ಹೋಗಬೇಕಿಲ್ಲ. ಆ ಹಲ್ಲು ಕಚ್ಚಿದ ಊರು ಮಾತ್ರ ಅಪರೂಪ.

ಜಿಲ್ಲೆಯ ಬಹುಭಾಗ ಅರಣ್ಯವಾದ್ದರಿಂದ ಕೆರೆ ತೋಡಲು ದುಡ್ಡು ಬಂದರೂ ಜಾಗ ಅರಣ್ಯ ಇಲಾಖೆಯದು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಗ್ರಾಮಸಭೆ ಶಿಫಾರಸು ಮಾಡಿದರೆ ಸಣ್ಣ ಕೆರೆ, ಶಾಲೆ, ರಸ್ತೆಯಂಥವಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ ಬಿಟ್ಟುಕೊಡಲು ದಾರಿಯಿದೆ. ಚಹಾದಂಗಡಿಯಲ್ಲಿ ಇದನ್ನು ಹೇಳಿದಾಗ ‘ಹೌದನ್ರಾ?’ ಎಂದರು ಇಬ್ಬರು, ಮೂರನೆಯವರು ಪೇಪರು ಮಡಚಿಟ್ಟು ಕಾಯ್ದೆಯ ಕಲಮು ಯಾವುದೆಂದು ಕೇಳಿದರು. ಮೂರನೇ ಕಲಮಿನ ಎರಡನೇ ಉಪಕಲಮು ಎಂದೆ. ಬೀಡಿಕಟ್ಟಿನ ಮೇಲೆ ಬರೆದುಕೊಂಡರು.

ಇಳಿಹೊತ್ತಿಗೆ ಹಿಂತಿರುಗುವಾಗ ಕಿಂಡಿ ಅಣೆಕಟ್ಟಿನ ಮೇಲೆ ಮೂವರು ಹಲಗೆ ಹೊತ್ತು ತಂದಿದ್ದರು. ಇಬ್ಬರಿಗೆ ತಲೆ ನರೆತಿತ್ತು.

‘ಪಂಚಾಯ್ತಿ ಬದಿಯವರಾ ನೀವು?’

ಅಲ್ಲ ಎಂದೆ.

‘ಹಾಗಾರೆ ಆ ತುದಿ ಹಿಡೀರಿ.’

ಚಪ್ಪಲಿ ದಂಡೆಯಲ್ಲಿ ಬಿಟ್ಟು ಇಳಿದೆ. ನೀರು ಮೊಣಕಾಲಿನತನಕ ಇತ್ತು, ಹಲಗೆ ನೆನೆದು ಕಲ್ಲಿನ ಹಾಗೆ ಭಾರವಾಗಿತ್ತು.