ಹೊಳಿ ದಾಟಾಕ ಹರಗೋಲೋ, ಅಲ್ಯೂಮಿನಿಯಂ ದೋಣಿಯೋ?

ಮುಂಡರಗಿ ತಾಲ್ಲೂಕಿನ ತುಂಗಭದ್ರಾ ದಂಡಿಯ ರೈತರಿಗೆ ಹರಗೋಲು ಅಂದ್ರ ಚಕ್ಕಡಿ ಇದ್ದಂಗ. ಕೊರ್ಲಹಳ್ಳಿಗೆ ಸೇತುವೆ ಐತಿ, ಆದರೆ ಎಲ್ಲ ಊರಿಗೂ ಅದು ಹತ್ತಿರವಲ್ಲ. ಹಳೆಯದು ಹೋದ ಮೇಲೆ ಯಾವುದು ತರಬೇಕು ಅನ್ನುವವರಿಗೆ ಈ ನಾಲ್ಕು ಮಾತು.

ಬಿದಿರಿನ ಹರಗೋಲಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಚೀಲ ಹೊದಿಸಿ ಡಾಂಬರು ಬಳಿಯುತ್ತಾರೆ. ತೆಳು ನೀರಿನಲ್ಲೂ ತೇಲುತ್ತದೆ. ಹರಿದರೆ ಊರಲ್ಲೇ ತ್ಯಾಪಿ ಹಾಕಬಹುದು. ಆದರೆ ಗುಂಡಗಿರುವುದರಿಂದ ಗರಗರ ತಿರುಗುತ್ತದೆ, ಸೆಳವು ಕೆಳಗೆ ಎಳೆಯುತ್ತದೆ.

ಚಪ್ಪಟೆ ತಳದ ಅಲ್ಯೂಮಿನಿಯಂ ದೋಣಿ ನೆಟ್ಟಗೆ ಹೋಗುತ್ತದೆ, ಬಹಳ ವರ್ಷ ಬಾಳುತ್ತದೆ. ಕಲ್ಲಿಗೆ ಬಡಿದು ರಿವೆಟ್ ಸಡಿಲಾದರೆ ಮಾತ್ರ ಸೋರುತ್ತದೆ. ಅದನ್ನು ಬೆಸೆಯುವವರು ಹಳ್ಳಿಯಲ್ಲಿ ಸಿಗುವುದು ಕಷ್ಟ.

ಒಂದು ವರ್ಷ ನಾನು ಆಸೆಗೆ ಬಿದ್ದು ಹರಗೋಲಿನಲ್ಲಿ ಕಣಕಿ ಹೆಚ್ಚು ಹೇರಿದೆ. ನಡುಹೊಳಿಯಲ್ಲಿ ನೀರು ಒಳಗೆ ನುಗ್ಗಿತು. ಕಣಕಿ ಹೋಯ್ತು. ಬಿದಿರಿನ ಬುಟ್ಟಿ ತೇಲುತ್ತಿತ್ತು, ಅದನ್ನೇ ಹಿಡಿದು ನಾನೂ ಮಗನೂ ದಂಡಿ ಸೇರಿದೆವು. ನೀರು ತುಂಬಿದ ಲೋಹದ ದೋಣಿ ಹಾಗೆ ತೇಲುವುದಿಲ್ಲ, ಮುಳುಗುತ್ತದೆ. ಆದ್ದರಿಂದ ಕೂಡುವ ಹಲಗೆ ಕೆಳಗೆ ಗಾಳಿಪೆಟ್ಟಿಗೆ ಇಲ್ಲವೆ ಥರ್ಮಾಕೋಲ್ ತುಂಬಿದ ಜಾಗ ಇದ್ದರಷ್ಟೇ ತಗೊಳ್ರಿ.

ಹಮ್ಮಿಗಿ ಬ್ಯಾರೇಜಿನ ಹಿನ್ನೀರಿನಂಥ ನಿಂತ ನೀರಿಗೆ ಅಲ್ಯೂಮಿನಿಯಂ ಚಲೋ. ಕಲ್ಲು, ತೆಳು ನೀರು ಇರುವಲ್ಲಿ ಹರಗೋಲೇ ಸೈ. ಯಾವುದೇ ಇರಲಿ, ಹೇರಿದ ಮೇಲೆ ಅಂಚು ನೀರಿನಿಂದ ಒಂದು ಗೇಣಾದರೂ ಮೇಲಿರಬೇಕು. ಗೇಟು ತೆಗೆದ ದಿನ ಮಾತ್ರ ಎರಡನ್ನೂ ದಂಡಿಗೇ ಕಟ್ಟಿ ಮನೆಗೆ ನಡೀರಿ. ಹೊಲ ನಾಳೆನೂ ಇರತೈತಿ.