ಕಾಣದೆ ಹೋದ ಎಣ್ಣೆ

ಪುತ್ತೂರು, ಸುಳ್ಯ, ಕಡಬದ ಏರುದಾರಿಗಳಲ್ಲಿ ಹಳೆಯ ಜೀಪುಗಳಿಗೆ ಇಂದಿಗೂ ಕೆಲಸ ಮುಗಿದಿಲ್ಲ. ಅವುಗಳ ಯಜಮಾನರಿಂದ ನಾನು ಮತ್ತೆ ಮತ್ತೆ ಕೇಳಿರುವ ದೂರೊಂದಿದೆ: ಗೇರ್ ಬಾಕ್ಸಿನ ಎಣ್ಣೆ ಇಳಿಯುತ್ತದೆ, ಅಂಗಳದಲ್ಲಿ ಮಾತ್ರ ಒಂದು ಹನಿಯೂ ಕಾಣುವುದಿಲ್ಲ.

ಎಂಜಿನ್ನಿನ ಎಣ್ಣೆ ಉರಿದು ಹೊಗೆಯಾಗಬಹುದು. ಗೇರಿನ ಎಣ್ಣೆಗೆ ಆ ದಾರಿಯಿಲ್ಲ. ಅದು ಕಡಮೆಯಾಯಿತೆಂದರೆ ಎಲ್ಲಿಗೋ ಹೋಗಿದೆಯೆಂದೇ ಅರ್ಥ.

ಮೊದಲು ನೆರೆಮನೆಯನ್ನು ನೋಡೋಣ. ವಿಲ್ಲಿಸ್ ವಂಶದ ಜೀಪಿನಲ್ಲಿ ಗೇರ್ ಬಾಕ್ಸಿಗೆ ಅಂಟಿಕೊಂಡೇ, ನಾಲ್ಕು ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಇದೆ. ನಡುವಣ ಸೀಲು ಸವೆದರೆ ಎಣ್ಣೆ ಸದ್ದಿಲ್ಲದೆ ಅತ್ತ ದಾಟುತ್ತದೆ. ಸಮತಟ್ಟಾದ ನೆಲದಲ್ಲಿ, ಗಾಡಿ ತಣಿದ ಮೇಲೆ, ಎರಡರ ಮಟ್ಟದ ತಿರುಪುಗಳನ್ನೂ ಬಿಚ್ಚಿರಿ. ಒಂದರಲ್ಲಿ ಕೊರತೆಯಿದ್ದು ಇನ್ನೊಂದು ತುಂಬಿ ಹರಿದರೆ ಕಳವಿನ ಮಾಲು ಸಿಕ್ಕಿತು.

ಅಲ್ಲಿಯೂ ಇಲ್ಲವಾದರೆ ಪೆಟ್ಟಿಗೆಯ ಗಾಳಿಗಂಡಿಯನ್ನು ಪರೀಕ್ಷಿಸಬೇಕು. ಮಳೆಗಾಲದ ಕೆಸರು ಅದನ್ನು ಮುಚ್ಚಿದರೆ, ಘಾಟಿ ಏರುವಾಗ ಒಳಗಿನ ಗಾಳಿ ಕಾದು ಹಿಗ್ಗಿ ಎಣ್ಣೆಯನ್ನು ಸೀಲಿನಾಚೆಗೆ ತಳ್ಳುತ್ತದೆ; ಮನೆ ಸೇರಿ ತಣಿದ ಮೇಲೆ ಸೋರಿಕೆಯೂ ನಿಲ್ಲುತ್ತದೆ. ಗಾಡಿಯ ತಳವನ್ನು ಚೆನ್ನಾಗಿ ಒರಸಿ, ಘಾಟಿ ಹತ್ತಿ ಬಂದು, ಒಡನೆ ದೀಪ ಹಿಡಿದು ನೋಡಿದರೆ ಹೊಸ ಒದ್ದೆ ತನ್ನ ಮೂಲವನ್ನು ತಾನೇ ಹೇಳುತ್ತದೆ. ಗಂಧಕದಂಥ ಘಾಟು ಗೇರಿನ ಎಣ್ಣೆಯ ಗುರುತು.

ಇದು ಬರಿಯ ಖರ್ಚಿನ ಮಾತಾಗಿ ಉಳಿಯುವುದಿಲ್ಲ. ಇಂಥ ಅನೇಕ ಜೀಪುಗಳಲ್ಲಿ ಕೈಬ್ರೇಕಿನ ಡ್ರಮ್ಮು ಟ್ರಾನ್ಸ್‌ಫರ್ ಕೇಸಿನ ಹಿಂಬದಿಗೇ ಇದೆ. ಹಿಂದಿನ ಸೀಲಿನಿಂದ ಚಿಮ್ಮಿದ ಎಣ್ಣೆ ಅದರೊಳಗೆ ಸೇರಿತೋ, ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿ ಜನರ ಸಮೇತ ಜಾರೀತು. ಎಣ್ಣೆಯ ಡಬ್ಬಿಗೆ ಕೈಯಿಡುವ ಮೊದಲು ಅದು ಹೋದ ಜಾಡನ್ನು ಹಿಡಿಯಿರಿ.